ಬರೆಯದೇ ಬಿಟ್ಟ ‘ದಟ್’, ಯಾರೆಂದು ಹೇಳದ ‘ಹಿ’

ಒಂದೊಂದು ಪದವೂ ಗೊತ್ತು. ಡಿಕ್ಷನರಿ ತೆಗೆಯುವ ಅಗತ್ಯವೇ ಇಲ್ಲ. ಆದರೂ ವಾಕ್ಯ ಕೈಗೆ ಸಿಗುವುದಿಲ್ಲ. ಇಂಗ್ಲಿಷ್ ಓದುವ ಕನ್ನಡಿಗರಲ್ಲಿ ಈ ಅನುಭವ ಆಗದವರು ಕಡಿಮೆ. ಇಂಥ ಹೊತ್ತಿನಲ್ಲಿ ನಮಗೆ ಪದಗಳು ಸಾಲದು ಅಂದುಕೊಳ್ಳುತ್ತೇವೆ, ಇನ್ನೊಂದಷ್ಟು ಬಾಯಿಪಾಠ ಮಾಡಲು ಹೊರಡುತ್ತೇವೆ. ಆದರೆ ಬಹಳ ಸಲ ತೊಡಕು ಬೇರೆ ಕಡೆ ಇರುತ್ತದೆ. ಬರೆಯದೇ ಬಿಟ್ಟ ಒಂದು ಪದದಲ್ಲಿ ಇರುತ್ತದೆ. ಇಲ್ಲವೇ ಬರೆದರೂ ಯಾರನ್ನು ತೋರಿಸುತ್ತಿದೆ ಅಂತ ಬಾಯಿಬಿಡದ ಒಂದು ಪುಟ್ಟ ಪದದಲ್ಲಿ ಇರುತ್ತದೆ.

ಈ ವಾಕ್ಯ ನೋಡಿ: ‘ದಿ ಲೆಟರ್ ದಿ ವುಮನ್ ಸೆಂಟ್ ಹರ್ ಸಿಸ್ಟರ್ ಮೇಡ್ ಹರ್ ಕ್ರೈ.’

ಇದರಲ್ಲಿ ಗೊತ್ತಿಲ್ಲದ ಪದ ಯಾವುದೂ ಇಲ್ಲ. ಆದರೂ ಮೊದಲ ಓದಿಗೆ ತಡವರಿಸುತ್ತೇವೆ. ‘ದಿ ವುಮನ್ ಸೆಂಟ್ ಹರ್ ಸಿಸ್ಟರ್’ ಅನ್ನುವಷ್ಟರಲ್ಲಿ ಹೆಂಗಸು ತಂಗಿಗೆ ಏನೋ ಕಳಿಸಿದಳು ಅಂತ ಒಂದು ಮಾತು ಮುಗಿದ ಹಾಗಾಗುತ್ತದೆ. ಅಷ್ಟರಲ್ಲಿ ‘ಮೇಡ್’ ಎದುರಾಗುತ್ತದೆ. ಇದರ ಕರ್ತೃ ಯಾರು? ಹಿಂದಕ್ಕೆ ಹೋಗಿ ಹುಡುಕಿದರೆ ಅದು ಶುರುವಿನಲ್ಲಿದ್ದ ಲೆಟರ್. ಸರಿ, ಕಾಗದ ಅಳಿಸಿತು. ಆದರೆ ಯಾರನ್ನು? ತಂಗಿಯನ್ನೇ ಇರಬೇಕು, ಕಾಗದ ಓದಿದವಳು ಅವಳು ತಾನೇ. ಬರೆದವಳೇ ಅತ್ತಿರಲೂಬಹುದು. ಇವರಿಬ್ಬರೂ ಅಲ್ಲದ ಮೂರನೆಯವಳೂ ಆಗಬಹುದು. ವ್ಯಾಕರಣ ಮೂರಕ್ಕೂ ಒಪ್ಪುತ್ತದೆ.

ಎರಡೂ ತೊಡಕು ಈ ಒಂದೇ ಸಾಲಿನಲ್ಲಿವೆ. ಲೆಟರ್ ಆದಮೇಲೆ ಇರಬಹುದಾಗಿದ್ದ ‘ದಟ್’ ಅಥವಾ ‘ವಿಚ್’ ಇಲ್ಲ. ಕೊನೆಯ ‘ಹರ್’ ಯಾರು ಅಂತ ಹೇಳಿಲ್ಲ.

ಇದನ್ನೇ ಕನ್ನಡದಲ್ಲಿ ಹೇಳಿದರೆ, ‘ಆ ಹೆಂಗಸು ತಂಗಿಗೆ ಕಳಿಸಿದ ಕಾಗದ’. ಹೆಂಗಸು ಅಂತ ಶುರುವಾಗಿ ‘ಕಳಿಸಿದ’ ಬಂತು ಅಂದರೆ ಮಾತು ಮುಗಿದಿಲ್ಲ ಅಂತ ಕಿವಿಗೆ ಗೊತ್ತಾಗುತ್ತದೆ. ಮುಗಿದಿದ್ದರೆ ‘ಕಳಿಸಿದಳು’ ಅನ್ನಬೇಕಿತ್ತು. ಕ್ರಿಯಾಪದದ ಬಾಲವೇ ‘ನಿಲ್ಲಬೇಡ, ಮುಂದೆ ಒಂದು ಹೆಸರು ಬರುತ್ತದೆ’ ಅಂತ ಸೂಚನೆ ಕೊಡುತ್ತದೆ. ‘ಹುಡುಗ ಕಳಿಸಿದ’ ಅಂದಾಗ ಮಾತ್ರ ನಮಗೂ ಒಂದು ಕ್ಷಣ ಅನುಮಾನ. ಅದು ಮುಗಿದ ವಾಕ್ಯವೂ ಹೌದು, ಮುಂದೆ ಬರುವ ಕಾಗದಕ್ಕೆ ಅಂಟುವ ತುಂಡೂ ಹೌದು. ಕನ್ನಡದಲ್ಲಿ ಅಪರೂಪಕ್ಕೆ ಬರುವ ಈ ಅನುಮಾನ ಇಂಗ್ಲಿಷಿನಲ್ಲಿ ಹೆಜ್ಜೆಹೆಜ್ಜೆಗೂ ಇದೆ. ‘ಸೆಂಟ್’ ಅನ್ನುವ ಪದ ಮುಗಿದ ವಾಕ್ಯದಲ್ಲೂ ಹಾಗೇ ಇರುತ್ತದೆ, ಮುಗಿಯದ ತುಂಡಿನಲ್ಲೂ ಹಾಗೇ ಇರುತ್ತದೆ.

ಹಾಗಾದರೆ ಇಂಗ್ಲಿಷ್ ಓದುವವರು ಯಾವುದರ ಆಧಾರದ ಮೇಲೆ ಹೋಗುತ್ತಾರೆ? ಪದ ಇರುವ ಜಾಗದ ಮೇಲೆ. ಕನ್ನಡ ಸಂಬಂಧಗಳನ್ನು ಪದದ ಕೊನೆಯಲ್ಲಿ ಅಂಟಿಸಿಡುತ್ತದೆ, ಇಂಗ್ಲಿಷ್ ಅವನ್ನು ಜಾಗದಲ್ಲಿ ಇಡುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಕಾಣದ ‘ದಟ್’ ಕಾಣಲು ಶುರುವಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಮುಖ್ಯವಾದ ಗುರುತು ಒಂದಿದೆ. ಒಂದು ನಾಮಪದ ಬಂತು. ಅದರ ಬೆನ್ನಿಗೇ, ನಡುವೆ ಅಲ್ಪವಿರಾಮವಿಲ್ಲದೆ, ‘ಅಂಡ್’ ಇಲ್ಲದೆ, ಇನ್ನೊಂದು ನಾಮಪದವೋ ಸರ್ವನಾಮವೋ ಬಂತು. ‘ದಿ ಬುಕ್ ಐ…’, ‘ದಿ ಹೌಸ್ ದೇ…’, ‘ದಿ ಲೆಟರ್ ದಿ ವುಮನ್…’. ಹೀಗೆ ಎರಡು ಹೆಸರು ಮೈಗೆ ಮೈ ತಾಗಿಸಿ ನಿಂತರೆ, ಹೆಚ್ಚಿನ ಪಾಲು ಎರಡನೆಯದರಿಂದ ಒಂದು ಒಳವಾಕ್ಯ ಶುರುವಾಗಿದೆ ಅಂತ ಅರ್ಥ. ಅಲ್ಲಿ ಮನಸ್ಸಿನಲ್ಲೇ ಒಂದು ‘ದಟ್’ ಇಟ್ಟು ಓದಿ. ‘ದಿ ಲೆಟರ್ ದಟ್ ದಿ ವುಮನ್ ಸೆಂಟ್ ಹರ್ ಸಿಸ್ಟರ್’. ಈಗ ಎಷ್ಟು ಸಲೀಸು, ಅಲ್ವಾ?

ಇದಕ್ಕೆ ಜೊತೆಯಾಗಿ ಇನ್ನೊಂದು ಪರೀಕ್ಷೆ. ಆ ಒಳವಾಕ್ಯವನ್ನು ಬಿಡಿಸಿ ತೆಗೆದುನೋಡಿ, ಅದರಲ್ಲಿ ಎಲ್ಲೋ ಒಂದು ಖಾಲಿ ಜಾಗ ಇರುತ್ತದೆ. ‘ದಿ ವುಮನ್ ಸೆಂಟ್ ಹರ್ ಸಿಸ್ಟರ್’ ಅಂದರೆ ಕಳಿಸಿದಳು ಸರಿ, ಏನನ್ನು? ಉತ್ತರ ಒಳಗಿಲ್ಲ. ಹೊರಗೆ, ಬಾಗಿಲಲ್ಲೇ ಇದೆ, ಲೆಟರ್. ಖಾಲಿ ಜಾಗಕ್ಕೆ ಲೆಟರ್ ಸರಿಯಾಗಿ ಕೂತರೆ ನಿಮ್ಮ ಓದು ಸರಿ. ಭಾಷಾಶಾಸ್ತ್ರದಲ್ಲೂ ಇದನ್ನು ‘ಗ್ಯಾಪ್’ ಎಂದೇ ಕರೆಯುತ್ತಾರೆ.

ಈ ಖಾಲಿ ಜಾಗ ಎಷ್ಟೋ ಸಲ ಪ್ರೆಪೊಸಿಷನ್ ಪಕ್ಕದಲ್ಲಿರುತ್ತದೆ. ‘ದಿ ಪೆನ್ ಐ ರೋಟ್ ವಿತ್’, ‘ದಿ ಟೇಬಲ್ ಐ ರೋಟ್ ಆನ್’, ‘ದಿ ಫ್ರೆಂಡ್ ಐ ರೋಟ್ ಟು’. ವಾಕ್ಯದ ಕೊನೆಯಲ್ಲಿ ಸುಮ್ನೆ ನಿಂತ ಹಾಗೆ ಕಾಣುವ ಈ ‘ವಿತ್’, ‘ಆನ್’, ‘ಟು’ ನೋಡಿ ಹೊಸಬರು ಗಲಿಬಿಲಿಗೊಳ್ಳುತ್ತಾರೆ. ಇದೇನು ಅರ್ಧಕ್ಕೆ ನಿಂತಿದೆಯಲ್ಲ ಅಂತ. ಅಲ್ಲೇ ಖಾಲಿ ಜಾಗ ಇರುವುದು. ಪ್ರೆಪೊಸಿಷನ್ ಅದನ್ನು ಬೆರಳಿಟ್ಟು ತೋರಿಸುತ್ತಿರುತ್ತದೆ. ಇಲ್ಲಿ ಇಂಗ್ಲಿಷ್ ನಮಗಿಂತ ಜಾಸ್ತಿ ಸ್ಪಷ್ಟ ಅಂತ ಒಪ್ಪಬೇಕು. ‘ನಾನು ಬರೆದ ಕಾಗದ’ ಅನ್ನುತ್ತೇವೆ, ‘ನಾನು ಬರೆದ ಪೆನ್ನು’ ಅಂತಲೂ ಅನ್ನುತ್ತೇವೆ. ಮೊದಲನೆಯದು ಬರೆದದ್ದನ್ನು ಹೇಳುತ್ತದೆ, ಎರಡನೆಯದು ಯಾವುದರಿಂದ ಬರೆದೆ ಎಂಬುದನ್ನು. ವಿಭಕ್ತಿ ಪ್ರತ್ಯಯ ಎರಡರಲ್ಲೂ ಮಾಯ. ವ್ಯತ್ಯಾಸವನ್ನು ನಮ್ಮ ತಿಳಿವಳಿಕೆಯೇ ತುಂಬಿಕೊಳ್ಳುತ್ತದೆ. ಇಂಗ್ಲಿಷ್ ‘ದಟ್’ ಬಿಟ್ಟರೂ ‘ವಿತ್’ ಬಿಡುವುದಿಲ್ಲ.

ಪ್ರೆಪೊಸಿಷನ್ ಕೊನೆಗೆ ಬರಬಾರದು ಅನ್ನುವ ಮಾತು ನೀವೂ ಕೇಳಿರಬಹುದು. ಜಾನ್ ಡ್ರೈಡನ್ ಎಂಬ ಇಂಗ್ಲಿಷ್ ಕವಿ 1672ರಲ್ಲಿ ಇದನ್ನು ದೋಷ ಅಂತ ಎತ್ತಿ ತೋರಿಸಿದ. ಮುಂದೆ ಬಂದ ಎಷ್ಟೋ ಪಠ್ಯಗಳು ಅದನ್ನು ನಿಯಮದಂತೆ ಹೊತ್ತು ತಿರುಗಿದವು. ಆದರೆ ಇಂಗ್ಲಿಷ್ ಮಾತನಾಡುವವರು ಅವನಿಗಿಂತ ಮುಂಚೆಯೂ ಕೊನೆಗಿಡುತ್ತಿದ್ದರು, ಆಮೇಲೂ ಬಿಡಲಿಲ್ಲ. ಅದನ್ನು ಮುಂದಕ್ಕೆ ತಂದು ‘ದಿ ಪೆನ್ ವಿತ್ ವಿಚ್ ಐ ರೋಟ್’ ಅಂದರೆ ‘ವಿಚ್’ ಬಿಡುವ ಹಾಗೇ ಇಲ್ಲ. ಬಿಡುವ ಸ್ವಾತಂತ್ರ್ಯ ಬೇಕಾದರೆ ಪ್ರೆಪೊಸಿಷನ್ ಹಿಂದಕ್ಕೆ ಹೋಗಲೇಬೇಕು.

ಇನ್ನು, ಈ ‘ದಟ್’, ‘ವಿಚ್’, ‘ಹೂ’ಗಳನ್ನು ಯಾವಾಗ ಬಿಡಬಹುದು, ಯಾವಾಗ ಬಿಡಬಾರದು? ಒಳವಾಕ್ಯದಲ್ಲಿ ಅದು ಕರ್ಮದ ಜಾಗದಲ್ಲೋ ಪ್ರೆಪೊಸಿಷನ್ ಪಕ್ಕದಲ್ಲೋ ಇದ್ದರೆ ಬಿಡಬಹುದು. ಕರ್ತೃವಿನ ಜಾಗದಲ್ಲಿದ್ದರೆ ಬಿಡಬಾರದು. ‘ದಿ ಮ್ಯಾನ್ ಐ ಮೆಟ್ ಈಸ್ ಎ ಡಾಕ್ಟರ್’ ಸರಿ. ‘ದಿ ಮ್ಯಾನ್ ಮೆಟ್ ಮಿ ಈಸ್ ಎ ಡಾಕ್ಟರ್’ ತಪ್ಪು, ಅಲ್ಲಿ ‘ಹೂ’ ಬೇಕು. ಈ ನಿಯಮವನ್ನು ಉರು ಹೊಡೆಯುವುದಕ್ಕಿಂತ ಕಾರಣ ತಿಳಿದುಕೊಳ್ಳುವುದು ಮೇಲು. ‘ದಿ ಮ್ಯಾನ್ ಮೆಟ್ ಮಿ’ ಅಂದರೆ ಕೇಳುವವರಿಗೆ ಅದೇ ಇಡೀ ವಾಕ್ಯ. ಆ ಮನುಷ್ಯ ನನ್ನನ್ನು ಭೇಟಿಯಾದ, ಮುಗಿಯಿತು. ಒಳವಾಕ್ಯ ಶುರುವಾಗಿದೆ ಅಂತ ತೋರಿಸಲು ಅಲ್ಲಿ ಯಾವ ಗುರುತೂ ಇಲ್ಲ. ‘ದಿ ಮ್ಯಾನ್ ಐ’ ಅಂದಾಗ ಆ ಗುರುತು ಇದೆ, ಎರಡು ಹೆಸರು ಒಟ್ಟಿಗೆ ನಿಂತಿವೆ. ಓದುವವರಿಗೆ ದಾರಿ ಸಿಗುವ ಕಡೆ ಇಂಗ್ಲಿಷ್ ಪದ ಬಿಡುತ್ತದೆ, ಸಿಗದ ಕಡೆ ಬಿಡುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಕರ್ತೃವನ್ನೂ ಬಿಡುವ ರೂಢಿ ಇತ್ತು. ಇವತ್ತಿಗೂ ಆಡುಮಾತಿನಲ್ಲಿ ‘ದೇರ್ಸ್ ಎ ಮ್ಯಾನ್ ವಾಂಟ್ಸ್ ಟು ಸೀ ಯು’ ಅನ್ನುವವರಿದ್ದಾರೆ. ಬರವಣಿಗೆಯಲ್ಲಿ ಅದು ಒಪ್ಪಿತವಲ್ಲ.

ಅಲ್ಪವಿರಾಮ ಹಾಕಿ, ‘ಮೈ ಫಾದರ್, ಹೂಮ್ ಯು ಮೆಟ್, …’ ಅಂತ ಹೆಚ್ಚುವರಿ ವಿಷಯ ಹೇಳುವ ಕಡೆಯೂ ಬಿಡುವಂತಿಲ್ಲ.

ಇಷ್ಟು ಹೊತ್ತು ‘ಬಿಟ್ಟಿದೆ’, ‘ಬಿಡಬಹುದು’ ಅಂತಲೇ ಹೇಳಿದೆ. ಆದರೆ ಈ ಮಾತನ್ನೇ ಒಪ್ಪದ ಒಬ್ಬ ದೊಡ್ಡ ವಿದ್ವಾಂಸ ಇದ್ದ. ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್, 1860ರಲ್ಲಿ ಹುಟ್ಟಿ 1943ರಲ್ಲಿ ತೀರಿಕೊಂಡವನು. ಇಂಗ್ಲಿಷ್ ಅವನ ತಾಯ್ನುಡಿಯಲ್ಲ, ಆದರೂ ಇಂಗ್ಲಿಷ್ ವ್ಯಾಕರಣದ ಬಗ್ಗೆ ಅವನಷ್ಟು ವಿವರವಾಗಿ ಬರೆದವರು ವಿರಳ. ಇಂಥ ಒಳವಾಕ್ಯಗಳಿಗೆ ಅವನು ‘ಕಾಂಟ್ಯಾಕ್ಟ್ ಕ್ಲಾಜ್’ ಅಂತ ಹೆಸರಿಟ್ಟ. ಅಂದರೆ ತಾಗಿ ನಿಂತ ವಾಕ್ಯ. ಇಲ್ಲಿ ಏನನ್ನೂ ಕಿತ್ತುಹಾಕಿಲ್ಲ, ಇಂಗ್ಲಿಷಿನಲ್ಲಿ ಎರಡು ತುಂಡುಗಳು ಹೀಗೆ ಪಕ್ಕಪಕ್ಕ ನಿಲ್ಲುವುದು ಹಳೆಯ, ಸಹಜ ರೀತಿ, ‘ಪದ ಲೋಪವಾಗಿದೆ’ ಅನ್ನುವುದು ತಪ್ಪು ವಿವರಣೆ ಅಂತ ಅವನ ವಾದ. ನನಗೆ ಈ ವಾದ ಬಹಳ ಇಷ್ಟ. ಓದಲು ಕಲಿಯುವಾಗ ಮನಸ್ಸಿನಲ್ಲಿ ‘ದಟ್’ ಸೇರಿಸಿಕೊಳ್ಳುವುದು ಒಳ್ಳೆಯ ಊರುಗೋಲು. ಆದರೆ ‘ಐ’ ಬಂದ ಕೂಡಲೇ ಅದು ಹಿಂದಿನ ಹೆಸರಿಗೆ ತಾಗಿದೆ ಅಂತ ತಾನಾಗಿ ಅರಿವಾದ ದಿನ ಆ ಊರುಗೋಲು ಬೇಕಾಗುವುದಿಲ್ಲ.

‘ದಟ್’ ಬಗ್ಗೆ ಇನ್ನೊಂದು ಮಾತು. ‘ದಿ ನ್ಯೂಸ್ ದಟ್ ಹಿ ಬ್ರಾಟ್’ ಮತ್ತು ‘ದಿ ನ್ಯೂಸ್ ದಟ್ ಹಿ ಡೈಡ್’, ಇವೆರಡೂ ನೋಡಲು ಒಂದೇ ಥರ. ಖಾಲಿ ಜಾಗದ ಪರೀಕ್ಷೆ ಹಾಕಿದರೆ ಬೇರೆ ಬೇರೆ. ‘ಹಿ ಬ್ರಾಟ್’ ಅಂದರೆ ಏನು ತಂದ ಅನ್ನುವುದು ಬಾಕಿ ಇದೆ, ಆ ಜಾಗಕ್ಕೆ ನ್ಯೂಸ್ ಹೋಗುತ್ತದೆ. ‘ಹಿ ಡೈಡ್’ ಪೂರ್ತಿ ವಾಕ್ಯ, ಅಲ್ಲಿ ಖಾಲಿ ಜಾಗವಿಲ್ಲ. ಸುದ್ದಿ ಏನು ಅಂತ ಅದು ಬಿಡಿಸಿ ಹೇಳುತ್ತಿದೆ ಅಷ್ಟೇ. ನಾವು ‘ಅವನು ತಂದ ಸುದ್ದಿ’, ‘ಅವನು ಸತ್ತ ಸುದ್ದಿ’ ಅಂತ ಎರಡನ್ನೂ ಒಂದೇ ಅಚ್ಚಿನಲ್ಲಿ ಹೇಳುತ್ತೇವೆ. ಹಾಗಾಗಿ ಈ ಭೇದ ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ.

ಇಂಗ್ಲಿಷ್ ತಾಯ್ನುಡಿಯವರೂ ಮುಗ್ಗರಿಸುವ ಒಂದು ವಾಕ್ಯವಿದೆ. ಅಮೆರಿಕದ ಭಾಷಾವಿಜ್ಞಾನಿ ಥಾಮಸ್ ಬೆವರ್ 1970ರಲ್ಲಿ ಬರೆದದ್ದು: ‘ದಿ ಹಾರ್ಸ್ ರೇಸ್ಡ್ ಪಾಸ್ಟ್ ದಿ ಬಾರ್ನ್ ಫೆಲ್.’ ಕುದುರೆ ಕೊಟ್ಟಿಗೆಯ ಪಕ್ಕದಲ್ಲಿ ಓಡಿತು ಅಂತ ನೆಮ್ಮದಿಯಾಗಿ ಓದಿಕೊಂಡು ಬಂದವರು ಕೊನೆಯ ‘ಫೆಲ್’ ನೋಡಿ ಕಂಗಾಲು. ಇಲ್ಲಿ ‘ದಟ್ ವಾಸ್’ ಅನ್ನುವ ಎರಡು ಪದ ಮರೆಯಾಗಿವೆ. ‘ಕೊಟ್ಟಿಗೆಯ ಪಕ್ಕದಲ್ಲಿ ಓಡಿಸಿದ ಕುದುರೆ ಬಿದ್ದಿತು’ ಅಂತ ಅರ್ಥ. ಓಡಿತು ಅನ್ನುವುದಕ್ಕೂ ಓಡಿಸಲ್ಪಟ್ಟ ಅನ್ನುವುದಕ್ಕೂ ‘ರೇಸ್ಡ್’ ಒಂದೇ ರೂಪ, ಅದಕ್ಕೇ ಈ ಪಾಡು. ‘ರೇಸ್ಡ್’ ಬದಲು ‘ರಿಡನ್’ ಇದ್ದಿದ್ದರೆ ಯಾರೂ ಎಡವುತ್ತಿರಲಿಲ್ಲ. ‘ರೋಡ್’ ಬೇರೆ, ‘ರಿಡನ್’ ಬೇರೆ ಅಂತ ರೂಪವೇ ಹೇಳಿಬಿಡುತ್ತಿತ್ತು.

ಬಿಡುತ್ತಾ ಹೋಗುವುದಕ್ಕೂ ಒಂದು ಮಿತಿಯಿದೆ. ‘ದಿ ಬುಕ್ ದಿ ಬಾಯ್ ದಿ ಟೀಚರ್ ಸ್ಕೋಲ್ಡೆಡ್ ಲಾಸ್ಟ್ ವಾಸ್ ಮೈನ್.’ ವ್ಯಾಕರಣದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಮೂರು ಹೆಸರು ಸಾಲಾಗಿ ನಿಂತು, ಮೂರು ಕ್ರಿಯಾಪದ ತಿರುವುಮುರುವಾಗಿ ಬಂದರೆ ಯಾರ ತಲೆಯೂ ಓಡುವುದಿಲ್ಲ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಮತ್ತು ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1963ರಲ್ಲೇ ಇಂಥ ವಾಕ್ಯಗಳನ್ನು ಚರ್ಚಿಸಿದ್ದರು. ನಿಯಮ ಒಪ್ಪಿದರೂ ನೆನಪಿನ ಶಕ್ತಿ ಒಪ್ಪುವುದಿಲ್ಲ ಅನ್ನುವುದು ಅವರ ವಿವರಣೆಯ ತಿರುಳು. ಅದನ್ನೇ ಕನ್ನಡದಲ್ಲಿ ಹೇಳಿ: ‘ಟೀಚರ್ ಬೈದ ಹುಡುಗ ಕಳೆದುಕೊಂಡ ಪುಸ್ತಕ ನನ್ನದು.’ ಒಂದೇ ಉಸಿರಿಗೆ ಅರ್ಥವಾಗುತ್ತದೆ! ಒಂದೊಂದು ಕ್ರಿಯೆಯೂ ಅಲ್ಲಲ್ಲೇ ಮುಗಿಯುತ್ತಾ ಬರುವುದರಿಂದ ಯಾವುದನ್ನೂ ತಲೆಯಲ್ಲಿ ಹಿಡಿದಿಟ್ಟುಕೊಂಡು ಕಾಯಬೇಕಿಲ್ಲ. ಇಂಥದ್ದೊಂದು ವಾಕ್ಯ ಅರ್ಥವಾಗಲಿಲ್ಲ ಅಂತ ಯಾರೂ ಕುಗ್ಗಬೇಕಾಗಿಲ್ಲ.

ಈಗ ಸರ್ವನಾಮಗಳಿಗೆ ಬರೋಣ. ಇವು ಕಾಣುತ್ತವೆ, ಅದೇ ಮೋಸ. ಕಾಣುವುದರಿಂದ ಅರ್ಥವಾಯಿತು ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ.

ಸರ್ವನಾಮ ಹತ್ತಿರದ ನಾಮಪದವನ್ನು ತೋರಿಸುತ್ತದೆ ಅಂತ ಹೇಳಿಕೊಡುವುದುಂಟು. ಈ ಸಲಹೆಯನ್ನು ಬಿಟ್ಟುಬಿಡಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ‘ದಿ ಡಾಗ್ ಚೇಸ್ಡ್ ದಿ ಕ್ಯಾಟ್, ಬಟ್ ಇಟ್ ಕ್ಲೈಂಬ್ಡ್ ಎ ಟ್ರೀ.’ ಇಲ್ಲಿ ‘ಇಟ್’ ಅಂದರೆ ಬೆಕ್ಕು, ಹತ್ತಿರದ ಹೆಸರೇ. ‘ದಿ ಡಾಗ್ ಚೇಸ್ಡ್ ದಿ ಕ್ಯಾಟ್, ಬಟ್ ಇಟ್ ಗೇವ್ ಅಪ್.’ ಈಗ ‘ಇಟ್’ ನಾಯಿ. ‘ಇಟ್’ ವರೆಗೆ ಎರಡೂ ವಾಕ್ಯ ಒಂದೇ. ಅದು ಯಾರು ಅಂತ ತೀರ್ಮಾನವಾಗುವುದು ಆಮೇಲೆ ಬರುವ ಕ್ರಿಯೆಯಿಂದ. ಮರ ಹತ್ತುವುದು ಬೆಕ್ಕು. ಅಟ್ಟಿಸಿಕೊಂಡು ಹೋಗಿ ಸಾಕಪ್ಪಾ ಅಂತ ಬಿಡುವುದು ನಾಯಿ. ಹಾಗಾಗಿ ಸರ್ವನಾಮ ಸಿಕ್ಕಾಗ ಹಿಂದೆ ನೋಡುವುದರ ಜೊತೆಗೆ ಮುಂದೆಯೂ ನೋಡಬೇಕು. ಮುಂದಿನ ಕೆಲಸವನ್ನು ಇವರಿಬ್ಬರಲ್ಲಿ ಯಾರು ಮಾಡಿಯಾರು ಅಂತ ಕೇಳಿಕೊಳ್ಳಬೇಕು. ಬೇರೆ ಸುಳಿವೇ ಇಲ್ಲದಿದ್ದಾಗ ಓದುವವರ ಮನಸ್ಸು ಹಿಂದಿನ ವಾಕ್ಯದ ಕರ್ತೃವಿನ ಕಡೆ ವಾಲುತ್ತದೆ. ಅದು ವಾಲುವಿಕೆ ಮಾತ್ರ, ನಿಯಮವಲ್ಲ.

ಕ್ರಿಯಾಪದಕ್ಕೂ ಇದರಲ್ಲಿ ಪಾಲಿದೆ. ‘ಟಾಮ್ ಅಪಾಲಜೈಸ್ಡ್ ಟು ಜಾನ್ ಬಿಕಾಸ್ ಹಿ…’ ಅಂತ ನಿಲ್ಲಿಸಿ. ಆ ‘ಹಿ’ ಟಾಮ್ ಅಂತಲೇ ಅನ್ನಿಸುತ್ತದೆ, ತಪ್ಪು ಮಾಡಿದವನು ತಾನೇ ಕ್ಷಮೆ ಕೇಳುವುದು. ‘ಟಾಮ್ ಬ್ಲೇಮ್ಡ್ ಜಾನ್ ಬಿಕಾಸ್ ಹಿ…’ ಅಂದರೆ ತಕ್ಷಣ ಜಾನ್ ಕಣ್ಣ ಮುಂದೆ ಬರುತ್ತಾನೆ. ವಾಕ್ಯ ಇನ್ನೂ ಮುಗಿದೇ ಇಲ್ಲ, ಆಗಲೇ ನಾವು ಒಬ್ಬನನ್ನು ಆರಿಸಿಬಿಟ್ಟಿದ್ದೇವೆ. ಕ್ರಿಯಾಪದದ ಈ ಗುಣವನ್ನು ಕ್ಯಾಥರಿನ್ ಗಾರ್ವಿ ಮತ್ತು ಆಲ್ಫೊನ್ಸೊ ಕರಮಾಜ್ಜಾ ಎಂಬ ಸಂಶೋಧಕರು 1974ರಲ್ಲಿ ಗುರುತಿಸಿ ಬರೆದರು.

ಇನ್ನೂ ಪ್ರಸಿದ್ಧವಾದದ್ದು ಕಂಪ್ಯೂಟರ್ ವಿಜ್ಞಾನಿ ಟೆರಿ ವಿನೊಗ್ರಾಡ್ 1972ರಲ್ಲಿ ಕೊಟ್ಟ ಉದಾಹರಣೆ. ನಗರಸಭೆಯವರು ಪ್ರತಿಭಟನಾಕಾರರಿಗೆ ಅನುಮತಿ ಕೊಡಲಿಲ್ಲ, ಏಕೆಂದರೆ ‘ದೇ’ ಹಿಂಸೆಗೆ ಹೆದರಿದರು. ಇಲ್ಲಿ ‘ದೇ’ ನಗರಸಭೆಯವರು. ‘ಹೆದರಿದರು’ ತೆಗೆದು ‘ಕರೆ ಕೊಟ್ಟರು’ ಅಂತ ಹಾಕಿ. ‘ದೇ’ ಪ್ರತಿಭಟನಾಕಾರರಾಗಿಬಿಡುತ್ತಾರೆ. ವ್ಯಾಕರಣ ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ಒಂದೇ ಕ್ರಿಯಾಪದ, ಉತ್ತರ ಬಂದದ್ದು ನಗರಸಭೆ ಹೇಗೆ ಯೋಚಿಸುತ್ತದೆ, ಪ್ರತಿಭಟನೆ ಅಂದರೇನು ಅನ್ನುವ ಲೋಕಜ್ಞಾನದಿಂದ. ಈ ಬಗೆಯ ವಾಕ್ಯಗಳನ್ನೇ ಒಟ್ಟುಮಾಡಿ ಯಂತ್ರಗಳ ಬುದ್ಧಿಯನ್ನು ಪರೀಕ್ಷಿಸಬಹುದು ಅಂತ ಕಂಪ್ಯೂಟರ್ ವಿಜ್ಞಾನಿ ಹೆಕ್ಟರ್ ಲೆವೆಕ್ ಮತ್ತು ಜೊತೆಗಾರರು 2012ರಲ್ಲಿ ಸೂಚಿಸಿದರು, ಆ ಪರೀಕ್ಷೆಗೆ ವಿನೊಗ್ರಾಡ್ ಹೆಸರನ್ನೇ ಇಟ್ಟರು. ಒಂದು ಸಣ್ಣ ‘ದೇ’ ಯಾರು ಅಂತ ಹೇಳುವುದೇ ಬುದ್ಧಿಯ ಅಳತೆಯಾಗಬಲ್ಲದು ಅಂತ ಅವರಿಗೆ ಅನ್ನಿಸಿತ್ತು ಅಂದರೆ, ನಾವು ಅಲ್ಲಿ ತಡೆದು ನಿಲ್ಲುವುದರಲ್ಲಿ ಆಶ್ಚರ್ಯವೇನಿದೆ?

ಕನ್ನಡದಲ್ಲಿ ನಮಗೆ ಒಂದು ಅನುಕೂಲವಿದೆ, ‘ತಾನು’. ‘ಟಾಮ್ ಟೋಲ್ಡ್ ಜಾನ್ ದಟ್ ಹಿ ಹ್ಯಾಡ್ ಪಾಸ್ಡ್.’ ಪಾಸಾದದ್ದು ಯಾರು? ಇಂಗ್ಲಿಷ್ ಹೇಳುವುದಿಲ್ಲ. ನಾವು ‘ತಾನು ಪಾಸಾದೆ ಎಂದು ಹೇಳಿದ’ ಅಂದರೆ ಟಾಮ್. ‘ನೀನು ಪಾಸಾದೆ ಅಂತ ಹೇಳಿದ’ ಅಂದರೆ ಜಾನ್. ಈ ಅನುಕೂಲಕ್ಕೆ ಒಗ್ಗಿದ ಮನಸ್ಸು ಇಂಗ್ಲಿಷ್ ‘ಹಿ’ ಕೂಡ ಅಷ್ಟೇ ಖಚಿತವಾಗಿ ಯಾರನ್ನೋ ತೋರಿಸುತ್ತಿದೆ ಅಂತ ನಂಬಿಬಿಡುತ್ತದೆ. ಕೆಲವೊಮ್ಮೆ ಅದು ತೋರಿಸುತ್ತಲೇ ಇರುವುದಿಲ್ಲ. ಬರೆದವರಿಗೆ ಗೊತ್ತಿತ್ತು, ವಾಕ್ಯಕ್ಕೆ ಇಳಿಯಲಿಲ್ಲ.

ಸರ್ವನಾಮ ಮೊದಲು ಬಂದು ಹೆಸರು ಆಮೇಲೆ ಬರುವುದೂ ಇದೆ. ‘ವೆನ್ ಹಿ ಕೇಮ್ ಹೋಮ್, ದಿ ಬಾಯ್ ವಾಸ್ ಕ್ರೈಯಿಂಗ್.’ ಇಲ್ಲಿ ‘ಹಿ’ ಆ ಹುಡುಗನೇ ಆಗಿರಬಹುದು. ಆದರೆ ತುಂಡುಗಳನ್ನು ಅದಲುಬದಲು ಮಾಡಿ, ‘ಹಿ ಕೇಮ್ ಹೋಮ್ ವೆನ್ ದಿ ಬಾಯ್ ವಾಸ್ ಕ್ರೈಯಿಂಗ್’ ಅಂದರೆ ‘ಹಿ’ ಆ ಹುಡುಗ ಆಗಲಾರ, ಬೇರೆ ಯಾರೋ. ಇಂಗ್ಲಿಷ್ ತಾಯ್ನುಡಿಯ ಮಕ್ಕಳಿಗೆ ಇದನ್ನು ಯಾರೂ ಪಾಠ ಮಾಡುವುದಿಲ್ಲ, ಅವರಿಗೆ ಅದು ಕಿವಿಯಿಂದಲೇ ಬಂದಿರುತ್ತದೆ. ನಾವು ಒಮ್ಮೆ ಕಣ್ಣಿಟ್ಟು ನೋಡಿಕೊಳ್ಳಬೇಕು, ಅಷ್ಟೇ.

‘ವಿಚ್’ ಬಗ್ಗೆ ಎಚ್ಚರ ಜಾಸ್ತಿ ಬೇಕು. ‘ಹಿ ಫೌಂಡ್ ಎ ಜಾಬ್, ವಿಚ್ ಪ್ಲೀಸ್ಡ್ ಹಿಸ್ ಮದರ್.’ ತಾಯಿಗೆ ಖುಷಿ ಕೊಟ್ಟದ್ದು ಆ ಕೆಲಸವೋ, ಅವನಿಗೆ ಕೆಲಸ ಸಿಕ್ಕಿತು ಅನ್ನುವ ಸಂಗತಿಯೋ? ಅಲ್ಪವಿರಾಮದ ನಂತರದ ‘ವಿಚ್’ ಒಂದು ಪದವನ್ನೂ ಹಿಡಿಯಬಹುದು, ಹಿಂದಿನ ಇಡೀ ವಾಕ್ಯವನ್ನೂ ಹಿಡಿಯಬಹುದು. ಒಂಟಿಯಾಗಿ ಬರುವ ‘ದಿಸ್’ ಇನ್ನೂ ದೂರ ಕೈಚಾಚುತ್ತದೆ. ಒಂದು ಪ್ಯಾರಾ ಪೂರ್ತಿ ವಾದ ಮಾಡಿ, ಮುಂದಿನದನ್ನು ‘ದಿಸ್ ಮೀನ್ಸ್’ ಅಂತ ಶುರುಮಾಡುವ ಲೇಖಕರಿದ್ದಾರೆ. ಆ ‘ದಿಸ್’ ಯಾವುದು ಅಂತ ಬೆರಳಿಟ್ಟು ಹೇಳಲಾಗದಿದ್ದರೆ ಹಿಂದಿನ ಪ್ಯಾರಾವನ್ನೇ ಇನ್ನೊಮ್ಮೆ ಓದಬೇಕು. ಇನ್ನು ‘ಇಟ್ ಈಸ್ ರೈನಿಂಗ್’ ಥರದ ‘ಇಟ್’ ಯಾರನ್ನೂ ತೋರಿಸುವುದಿಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃವಿನ ಜಾಗ ಖಾಲಿ ಇರಬಾರದು ಅಂತ ಬಂದು ಕೂತಿದೆ. ಅದನ್ನು ಹುಡುಕಿಕೊಂಡು ಹೋಗುವುದು ಬೇಡ.

‘ದೇ’ ಒಬ್ಬರಿಗೂ ಬರುತ್ತದೆ. ‘ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲ್ಲಾ’ ಅಂದರೆ ಛತ್ರಿ ಮರೆತವರು ಒಬ್ಬರೇ. ಇದು ಹೊಸ ಫ್ಯಾಷನ್ ಅಂತ ಹಲವರು ಅಂದುಕೊಂಡಿದ್ದಾರೆ, ಆದರೆ 14ನೇ ಶತಮಾನದ ಇಂಗ್ಲಿಷಿನಲ್ಲೇ ಈ ಬಳಕೆ ಇದೆ. ಒಬ್ಬರನ್ನೇ ‘ಅವರು’ ಅನ್ನುವ ನಮಗೆ ಇದು ಕಷ್ಟವಾಗಬಾರದು.

ಓದುವಾಗ ಇಷ್ಟೆಲ್ಲ ಒದ್ದಾಡುವ ನಾವು ಬರೆಯುವಾಗ ಓದುವವರ ಮೇಲೆ ಸ್ವಲ್ಪ ಕರುಣೆ ತೋರಿಸಬಹುದು. ‘ದಟ್’ ಬಿಟ್ಟರೆ ಮಾತು ಹಗುರಾಗುತ್ತದೆ ನಿಜ, ‘ದಿ ಬುಕ್ ಐ ಬಾಟ್’ ಅನ್ನುವುದಕ್ಕೆ ‘ದಟ್’ ಸೇರಿಸುವ ಅಗತ್ಯ ನನಗೂ ಕಾಣುವುದಿಲ್ಲ. ಆದರೆ ಒಳವಾಕ್ಯ ಉದ್ದವಾಗಿದ್ದರೆ, ಅಥವಾ ಅದರ ಕರ್ತೃವೇ ನಾಲ್ಕೈದು ಪದದ್ದಾಗಿದ್ದರೆ, ‘ದಟ್’ ಇಟ್ಟುಬಿಡಿ. ಅದರಿಂದ ಇಂಗ್ಲಿಷ್ ಕೆಡುವುದಿಲ್ಲ. ಸರ್ವನಾಮದ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಇಬ್ಬರು ಹೆಂಗಸರು ಇರುವ ವಾಕ್ಯದಲ್ಲಿ ‘ಹರ್’ ಯಾರು ಅಂತ ಒಂದಿಷ್ಟು ಅನುಮಾನ ಬಂದರೂ ಹೆಸರನ್ನೇ ಬರೆಯುತ್ತೇನೆ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಚೆನ್ನಾಗಿರುವುದಿಲ್ಲ ಅನ್ನುವವರು ಇಂಗ್ಲಿಷಿನ ಕರಾರುಪತ್ರಗಳನ್ನು ಒಮ್ಮೆ ತೆರೆದು ನೋಡಲಿ. ಬಾಡಿಗೆದಾರ, ಮಾಲೀಕ, ಮತ್ತೆ ಬಾಡಿಗೆದಾರ, ಮತ್ತೆ ಮಾಲೀಕ ಅಂತ ಸಾಲುಸಾಲಿಗೂ ಹೆಸರೇ ಇರುತ್ತದೆ. ‘ಹಿ’ ಸಿಗುವುದು ಅಪರೂಪ. ಯಾರು ಹಣ ಕೊಡಬೇಕು, ಯಾರು ಮನೆ ರಿಪೇರಿ ಮಾಡಿಸಬೇಕು ಅನ್ನುವುದು ಅಲ್ಲಿ ಒಂದು ಸರ್ವನಾಮದ ಮೇಲೆ ನಿಂತುಬಿಡಬಾರದು. ಹಾಗಾಗಿ ಆ ಪತ್ರಗಳನ್ನು ಬರೆಯುವವರು ಚಂದ ನೋಡುವುದಿಲ್ಲ, ಹೆಸರು ಬರೆಯುತ್ತಾರೆ.